ಅಳಿವೆ ಬಾಗಿಲಲ್ಲಿ ಥ್ರಾಟಲ್ ಹಿಡಿದ ಕೈ

ಬೋಟಿಗೆ ಕಾಲಿಡುವ ಮೊದಲೇ ಅದನ್ನು ನಡೆಸುವ ತಂಡೇಲರು ನಿಮ್ಮ ಲೈಫ್ ಜಾಕೆಟ್ಟಿನ ಎರಡೂ ಹೆಗಲುಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಯುತ್ತಾರೆ. ಜಾಕೆಟ್ಟು ಕಿವಿಯವರೆಗೆ ಬರುತ್ತದೆ.

"ಹೀಗೆ ಹಾಕಿದ್ರೆ ಇದು ಮೇಲೆ ತೇಲ್ತದೆ, ನೀವು ಕೆಳಗೆ ಹೋಗ್ತೀರಿ ಗೌಡ್ರೇ," ಎಂದು ಪಕ್ಕದ ಪಟ್ಟಿಗಳನ್ನು ಉಸಿರು ಹಿಡಿಯುವಷ್ಟು ಬಿಗಿಯುತ್ತಾರೆ. ತೊಡೆಸಂದಿನ ಪಟ್ಟಿಯನ್ನೂ ಹಾಕಿಸಿ ಮತ್ತೊಮ್ಮೆ ಎಳೆದು ನೋಡುತ್ತಾರೆ. ಈಗ ಜಾಕೆಟ್ಟು ಅಲ್ಲಾಡುವುದಿಲ್ಲ.

ಮಂಗಳೂರಿನ ಹಳೇ ಬಂದರಿನ ಧಕ್ಕೆ. ಸೆಪ್ಟೆಂಬರಿನ ಕೊನೆ, ಬೆಳಿಗ್ಗೆ ಎಂಟು ಗಂಟೆ. ನೀವು ಹಾನುಬಾಳಿನಿಂದ ಸಕಲೇಶಪುರಕ್ಕೆ ಬಂದು, ಶಿರಾಡಿ ಘಾಟಿ ಇಳಿದು ಇಲ್ಲಿಗೆ ತಲುಪಿದವರು. ಊರಲ್ಲಿ ಕಾಫಿ ಗಿಡದ ಬುಡದ ಜೌಗು ಇನ್ನೂ ಆರಿಲ್ಲ. ಇಲ್ಲಿ ಗಾಳಿಯಲ್ಲಿ ಡೀಸೆಲ್ಲು, ಮಂಜುಗಡ್ಡೆಯ ತಣ್ಣನೆ ಹಬೆ, ಬಂಗುಡೆಯ ವಾಸನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಎರಡು ತಿಂಗಳಾಗುತ್ತ ಬಂತು. ಟ್ರಾಲ್ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ.

ನೀವು ಹತ್ತುವ ಬೋಟು ಅವುಗಳ ನಡುವೆ ತೀರ ಸಣ್ಣದು. ಇಪ್ಪತ್ತಮೂರು ಅಡಿ ಉದ್ದದ ಫೈಬರ್ ಬೋಟು. ಹಿಂದೆ ತಲಾ 150 ಅಶ್ವಶಕ್ತಿಯ ಎರಡು ಔಟ್‌ಬೋರ್ಡ್ ಎಂಜಿನ್. ಡೈವಿಂಗಿಗೆ ಹೋಗುವವರನ್ನು ಒಯ್ಯಲು, ಯಾರಾದರೂ ನೀರಿಗೆ ಬಿದ್ದರೆ ಓಡಿಹೋಗಿ ಎತ್ತಲು ಇಟ್ಟ ಬೋಟು. ಸಪಾಟು ನೀರಿನಲ್ಲಿ 40 ನಾಟ್, ಅಂದರೆ ಗಂಟೆಗೆ 74 ಕಿಲೋಮೀಟರ್ ದಾಟಬಲ್ಲದು. ಮಳೆಗಾಲವೆಲ್ಲ ಶೆಡ್ಡಿನಲ್ಲಿದ್ದು ಸರ್ವೀಸ್ ಮುಗಿಸಿ ಇವತ್ತು ಮೊದಲ ಸಲ ಕಡಲಿಗೆ ಇಳಿಯುತ್ತಿದೆ.

ತಂಡೇಲರು ಸುರುಳಿ ಸುತ್ತಿದ ಒಂದು ಕೆಂಪು ಹಗ್ಗ ತೆಗೆದು ಒಂದು ತುದಿಯನ್ನು ತಮ್ಮ ತೊಡೆಗೆ ಸುತ್ತಿ ಕೊಕ್ಕೆ ಹಾಕುತ್ತಾರೆ. ಇನ್ನೊಂದು ತುದಿ ಥ್ರಾಟಲ್ ಪಕ್ಕದ ಕಿಲ್ ಸ್ವಿಚ್ಚಿಗೆ. ಎಂಜಿನ್ ಶುರುಮಾಡುತ್ತಾರೆ, ಹಗ್ಗ ಎಳೆಯುತ್ತಾರೆ, ಎರಡೂ ಎಂಜಿನ್ ಗಪ್ಪೆಂದು ನಿಲ್ಲುತ್ತವೆ. ಮತ್ತೆ ಹಾಕುತ್ತಾರೆ, ಮತ್ತೆ ಎಳೆಯುತ್ತಾರೆ. ನೋಡುವವರಿಗೆ ಇದು ಅತಿಯಾಯಿತೆನಿಸಬಹುದು. ಇದಕ್ಕಿಂತ ಮುಖ್ಯವಾದ ಐದು ನಿಮಿಷ ಇಡೀ ದಿನದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ಒಂದು ಕುಟುಂಬ ಇದೇ ಬಗೆಯ ವೇಗದ ಬೋಟಿನಲ್ಲಿ ಹೊರಟಿತ್ತು. ಒಂದು ಬಿಗಿ ತಿರುವಿನಲ್ಲಿ ಎಲ್ಲರೂ ನೀರಿಗೆ ಎಸೆಯಲ್ಪಟ್ಟರು. ಹಗ್ಗವನ್ನು ಯಾರೂ ಕಟ್ಟಿಕೊಂಡಿರಲಿಲ್ಲ. ಚಾಲಕನಿಲ್ಲದ ಬೋಟು ಅದೇ ಜಾಗದಲ್ಲಿ ಸುತ್ತು ಹೊಡೆಯುತ್ತ, ನೀರಿನಲ್ಲಿದ್ದವರ ಮೇಲೆಯೇ ಮತ್ತೆ ಬಂತು. ತಂದೆ, ಎಂಟು ವರ್ಷದ ಮಗಳು ಇಬ್ಬರೂ ತೀರಿಕೊಂಡರು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟು ಓಡಿಸುವವರು ಈ ಹಗ್ಗ ಕಟ್ಟಿಕೊಳ್ಳಲೇಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಕರಾವಳಿಯಲ್ಲಿ ಅದು ಎಷ್ಟೋ ಬೋಟುಗಳಲ್ಲಿ ಸ್ವಿಚ್ಚಿಗೆ ಸಿಕ್ಕಿಸಿದಂತೆಯೇ ನೇತಾಡುತ್ತಿರುತ್ತದೆ, ಯಾರ ಮೈಗೂ ಕಟ್ಟಿರುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಧಕ್ಕೆಗೆ ಕಟ್ಟಿದ ಹಗ್ಗ ಬಿಚ್ಚಿ ಹೊರಟಿರಿ. ಟ್ರಾಲ್ ಬೋಟುಗಳ ಸಾಲಿನ ಮಧ್ಯೆ, ಬೆಂಗ್ರೆಗೆ ಜನ ದಾಟಿಸುವ ದೋಣಿಯ ಹಿಂದೆ, ನಡೆದುಹೋಗುವಷ್ಟೇ ನಿಧಾನ. 300 ಅಶ್ವಶಕ್ತಿ ಬೆನ್ನ ಹಿಂದೆ ಗುಡುಗುಡು ಎನ್ನುತ್ತಿದೆ, ತಂಡೇಲರ ಕೈ ಅದಕ್ಕೆ ಏನನ್ನೂ ಕೊಡುತ್ತಿಲ್ಲ.

"ಇಲ್ಲೇ ಒಂದು ಸಲ ಜೋರು ಬಿಟ್ಟು ನೋಡಬಹುದಲ್ವಾ ಅಣ್ಣ? ಎಂಜಿನ್ ಟೆಸ್ಟ್ ಆಗತ್ತೆ."

"ಜನ ಇರುವ ಕಡೆ ಟೆಸ್ಟ್ ಇಲ್ಲ," ಎನ್ನುತ್ತಾರೆ, ನದಿಯ ಮೇಲಿನ ಕಣ್ಣು ತೆಗೆಯದೆ. "ಬೊಂಬಾಯಿಯಲ್ಲಿ ಆದದ್ದು ನೋಡ್ಲಿಲ್ವಾ?"

2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ನೌಕಾಪಡೆಯ ಒಂದು ಸ್ಪೀಡ್ ಬೋಟು ಹೊಸ ಎಂಜಿನ್ನಿನ ಪರೀಕ್ಷೆಯಲ್ಲಿತ್ತು. ಹಿಡಿತ ತಪ್ಪಿ ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ಎಂಬ ಪ್ರಯಾಣಿಕರ ಬೋಟಿಗೆ ಬಡಿಯಿತು. 15 ಜನ ಸತ್ತರು. ಕಡಲು ಅಂದು ಒರಟಾಗಿರಲಿಲ್ಲ, ಹಾಡುಹಗಲು. ಹೊಸದಾಗಿ ಬಿಚ್ಚಿ ಜೋಡಿಸಿದ ಎಂಜಿನ್ನು, ಸ್ಟಿಯರಿಂಗು, ಥ್ರಾಟಲ್ ಕೇಬಲ್ಲು ಯಾವ ಗಳಿಗೆಯಲ್ಲಿ ಕೈ ಕೊಡುತ್ತವೆ ಎಂದು ಹೇಳಲಾಗದು. ಕೈ ಕೊಟ್ಟಾಗ ಮುಂದೆ ಖಾಲಿ ನೀರಿದ್ದರೆ ಜೀವ ಉಳಿಯುತ್ತದೆ.

ಎಡಕ್ಕೆ ಉಳ್ಳಾಲದ ಕೋಟೆಪುರ, ಬಲಕ್ಕೆ ಬೆಂಗ್ರೆಯ ಮರಳ ನಾಲಗೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಬೀಳುವ ಜಾಗ ಇದು, ಅಳಿವೆ ಬಾಗಿಲು. ಎರಡೂ ಬದಿಗೆ ಕಡಲೊಳಕ್ಕೆ ಚಾಚಿದ ಕಲ್ಲಿನ ತಡೆಗೋಡೆ. ನೀರು ಕೆಂಪು ಮಿಶ್ರಿತ ಕಂದು. ಈ ಬಣ್ಣ ನಿಮಗೆ ಗುರುತಿನದೇ. ಹಾನುಬಾಳಿನ ಹಳ್ಳಗಳ ನೀರು ಬಹುಪಾಲು ಹೇಮಾವತಿಗೆ ಸೇರಿ ಗೊರೂರಿನ ಕಡೆ, ಮೂಡಣಕ್ಕೆ ಹೋಗುತ್ತದೆ. ಅದೇ ಸಕಲೇಶಪುರ ತಾಲೂಕಿನ ಪಡುವಣ ಇಳಿಜಾರಿನ ಮಳೆ ಮಾತ್ರ ಎತ್ತಿನಹೊಳೆ, ಕೆಂಪುಹೊಳೆಯಾಗಿ ಗುಂಡ್ಯಕ್ಕಿಳಿದು, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಇಲ್ಲಿಗೆ ಬರುತ್ತದೆ. ಘಟ್ಟದ ಮೇಲೆ ನಿನ್ನೆ ಬಿದ್ದ ಮಳೆ ಇವತ್ತಿನ ಈ ಬಾಗಿಲಿನ ಲೆಕ್ಕದಲ್ಲಿದೆ.

ತಡೆಗೋಡೆಯ ಒಳಗೇ ತಂಡೇಲರು ಗೇರ್ ನ್ಯೂಟ್ರಲ್‌ಗೆ ತರುತ್ತಾರೆ. ಬೋಟು ತೇಲುತ್ತ ನಿಲ್ಲುತ್ತದೆ.

"ಯಾಕಣ್ಣ, ಎಂಜಿನ್ನಿಗೆ ಏನಾದ್ರೂ ಆಯ್ತಾ?"

"ಎಂತ ಆಗ್ಲಿಲ್ಲ. ಸ್ವಲ್ಪ ನೋಡುವ."

ನೋಡಿ. ಮೊದಲಿಗೆ ಬರೀ ಬಿಳಿನೊರೆಯ ಗದ್ದಲ ಕಾಣುತ್ತದೆ. ನಿಮಿಷಗಳು ಕಳೆದಂತೆ ಅದರಲ್ಲೊಂದು ಕ್ರಮ ಬಿಚ್ಚಿಕೊಳ್ಳುತ್ತದೆ. ದೊಡ್ಡ ತೆರೆಗಳು ಒಂದರ ಬೆನ್ನಿಗೊಂದು ಸಾಲಾಗಿ ಬರುತ್ತವೆ. ಆಮೇಲೆ ಕಡಲು ತಗ್ಗುತ್ತದೆ. ಮತ್ತೆ ಸಾಲು. ದೂರದ ಕಡಲಿನಲ್ಲಿ ಎದ್ದ, ಅಳತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವ ತೆರೆಗಳು ಜೊತೆಯಾಗಿ ಪಯಣಿಸುತ್ತ, ಒಂದು ಕಡೆ ಒಂದನ್ನೊಂದು ಕೂಡಿ ಎತ್ತರವಾಗುತ್ತವೆ, ಇನ್ನೊಂದು ಕಡೆ ಕಳೆದು ತಗ್ಗಾಗುತ್ತವೆ. ನೀವು ಕಾಯುತ್ತಿರುವುದು ಆ ತಗ್ಗಿಗೆ.

ಇನ್ನೊಂದನ್ನೂ ನೋಡಬೇಕು. ಎಲ್ಲಿ ಬಿಳಿ, ಎಲ್ಲಿ ಕಪ್ಪು. ತೆರೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲು ಮುಟ್ಟಿತೆಂದರೆ ಅದು ತನ್ನ ಬುಡದ ಮೇಲೆ ನಿಲ್ಲಲಾರದೆ ಒಡೆಯುತ್ತದೆ. ಮೂರು ಮೀಟರ್ ಆಳದ ಹೂಳಿನ ದಿಬ್ಬದ ಮೇಲೆ ಎರಡು ಮೀಟರಿನ ಚಿಲ್ಲರೆ ಎತ್ತರದ ತೆರೆ ಬಂದರೆ ಅಲ್ಲಿ ಬಿಳಿ. ಕಪ್ಪಾಗಿ, ಒಡೆಯದೆ ಏರಿಳಿಯುವ ನೀರು ಕಂಡಲ್ಲಿ ಆಳವಿದೆ, ದಾರಿ ಅಲ್ಲಿದೆ. ಕಳೆದ ವರ್ಷದ ದಾರಿ ಈ ವರ್ಷಕ್ಕಿಲ್ಲ. ಮಳೆಗಾಲ ಮರಳನ್ನು ಎಲ್ಲಿಂದೆಲ್ಲಿಗೋ ಸರಿಸಿಬಿಟ್ಟಿರುತ್ತದೆ.

ತಂಡೇಲರು ಎಂಟೂಕಾಲರ ಸುಮಾರಿಗೆ ಹೊರಟಿರುವುದಕ್ಕೂ ಕಾರಣವಿದೆ. ಇವತ್ತು ಭರತ ತುಂಬುವುದು ಒಂಬತ್ತೂಕಾಲಿಗೆ. ಅಲ್ಲಿಯವರೆಗೆ ಕಡಲು ಒಳಕ್ಕೆ ಒತ್ತುತ್ತದೆ, ತೆರೆಯೂ ಒಳಕ್ಕೆ ಬರುತ್ತದೆ, ಎರಡರ ನಡುವೆ ಜಗಳ ಕಡಿಮೆ. ಇಳಿತ ಶುರುವಾಯಿತೆಂದರೆ ಹೊಳೆಯ ನೀರು, ಇಳಿತದ ನೀರು ಒಟ್ಟಾಗಿ ಈ ಇಕ್ಕಟ್ಟಿನಿಂದ ಹೊರಕ್ಕೆ ನುಗ್ಗುತ್ತದೆ. ಎದುರಿನಿಂದ ಬರುವ ತೆರೆ ಆ ಪ್ರವಾಹಕ್ಕೆ ಸಿಕ್ಕಿ ಉದ್ದದಲ್ಲಿ ಗಿಡ್ಡವಾಗುತ್ತದೆ, ಕಡಿದಾಗುತ್ತದೆ, ಗೋಡೆಯಾಗಿ ನಿಲ್ಲುತ್ತದೆ. ಹೊರಗೆ ಕಡಲು ಹೇಗಿತ್ತೋ ಹಾಗೇ ಇದ್ದರೂ ಬಾಗಿಲಿನಲ್ಲಿ ಒಂದೇ ಗಂಟೆಯೊಳಗೆ ಬೇರೆ ಕಡಲು.

ಸಾಲಿನ ಕೊನೆಯ ದೊಡ್ಡ ತೆರೆ ಒಡೆಯಿತು.

"ಹಿಡ್ಕೊಳ್ಳಿ. ಮೊಣಕಾಲು ಬಗ್ಗಿಸಿ ಮಾರಾಯ್ರೆ, ಕಂಬ ಆಗ್ಬೇಡಿ."

ಬಲಗೈ ಮುಂದೆ ಹೋಗುತ್ತದೆ. ಬೋಟಿನ ಮೂತಿ ಮೇಲೇಳುತ್ತದೆ, ಮತ್ತೆ ತಗ್ಗುತ್ತದೆ, ಬೋಟು ನೀರಿನ ಮೇಲೆ ಹತ್ತಿ ಕೂತಿತು. ಹನ್ನೆರಡು, ಹದಿನಾಲ್ಕು ನಾಟ್, ಅಷ್ಟೇ. ಮೊದಲ ತೆರೆ ಬರುತ್ತಿದೆ. ತಂಡೇಲರ ಕೈಯನ್ನು ನೋಡಿ. ಅಂಗೈ ಥ್ರಾಟಲ್ ಮೇಲಿದೆ, ಎರಡು ಬೆರಳು ಮಾತ್ರ ಲಿವರ್‌ನ ಬುಡದ ಪಟ್ಟಿಗೆ ಊರಿಕೊಂಡಿವೆ. ಬೋಟು ಎಷ್ಟೇ ಕುಲುಕಿದರೂ ಆ ಕುಲುಕಿಗೆ ಕೈ ಸರಿದು ಎಂಜಿನ್ ತಾನಾಗಿ ಏರಿಳಿಯಬಾರದು, ಅದಕ್ಕೆ. ತೆರೆಯ ಮುಖ ಹತ್ತುವಾಗ ಕೈ ಒಂದಿಷ್ಟು ಮುಂದೆ, ನೆತ್ತಿ ಮುಟ್ಟುವ ಮೊದಲೇ ಹಿಂದೆ. ಎಂಜಿನ್ನಿನ ದನಿ ಏರಿ ಥಟ್ಟನೆ ಇಳಿಯುತ್ತದೆ. ಮೂತಿ ನೆತ್ತಿಯ ಮೇಲೆ ಒಂದು ಕ್ಷಣ ತೂಗಿ, ಹಾರದೆ, ಹಿಂಬದಿಯ ಇಳಿಜಾರಿಗೆ ಜಾರುತ್ತದೆ. ಮತ್ತೆ ಮುಂದೆ.

ನಿಮ್ಮ ಕಡೆ ಮಳೆಗಾಲದಲ್ಲಿ ತೋಟದ ಜೀಪು ಇಳಿಸುವವನ ಬಲಗಾಲು ಹೀಗೇ ಇರುತ್ತದೆ, ಕೆಸರಿನ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ, ಎಂಜಿನ್ನಿನ ಹಿಡಿತದ ಮೇಲೆಯೇ ಗಾಡಿಯನ್ನು ಅಂಗುಲ ಅಂಗುಲ ಬಿಡುವುದು. ಬೋಟಿಗೆ ಬ್ರೇಕೆಂಬುದೇ ಇಲ್ಲ.

ಎರಡನೆಯ ತೆರೆ. ಮೂರನೆಯದು ತುಸು ದೊಡ್ಡದು, ನೆತ್ತಿಯ ಅಂಚು ಬೆಳ್ಳಗೆ ಬಾಗತೊಡಗಿದೆ. ಹಿಂದಕ್ಕೆ ತಿರುಗಿಬಿಡೋಣ ಅಂತ ನಿಮ್ಮ ಮೈಯೆಲ್ಲ ಹೇಳುತ್ತದೆ. ಇಲ್ಲಿ ತಿರುಗುವ ಹಾಗಿಲ್ಲ. ಒಡೆಯುವ ತೆರೆಗೆ ಬೋಟಿನ ಪಕ್ಕೆ ಸಿಕ್ಕಿದರೆ ಮಗುಚುವುದಕ್ಕೆ ಒಂದೇ ತೆರೆ ಸಾಕು. ಬಾಗಿಲಿಗೆ ನುಗ್ಗುವ ಮೊದಲು ಬೇಕಾದಷ್ಟು ಹೊತ್ತು ಯೋಚಿಸಬಹುದು, ನುಗ್ಗಿದ ಮೇಲೆ ಮೂತಿ ತೆರೆಗೆ ಎದುರಾಗಿಯೇ ಇರಬೇಕು. ತಂಡೇಲರು ಬೋಟನ್ನು ಒಂದಿಷ್ಟು ಓರೆ ಹಿಡಿಯುತ್ತಾರೆ, ಒಡೆಯದ ಭುಜದ ಕಡೆಗೆ. ಎಂಜಿನ್ ಗರ್ಜಿಸುತ್ತದೆ. ಮುಖಕ್ಕೆ ಉಪ್ಪುನೀರು, ಕಣ್ಣು ಉರಿ. ಬೋಟು ಹತ್ತಿತು, ಇಳಿಯಿತು. ಮುಂದೆ ಬಿಳಿ ಇಲ್ಲ.

ಹೊರಗಿನ ಕಡಲು ಹಸಿರು. ತೆರೆಯ ಮೇಲೆ ತೆರೆ ಅಂದರೆ ಏನೆಂದು ಈಗ ಕಾಲಿಗೆ ತಿಳಿಯುತ್ತದೆ. ಕೆಳಗೆ ನೈರುತ್ಯದಿಂದ ಬರುವ ಉದ್ದನೆಯ ತೆರೆ, ಒಂದು ನೆತ್ತಿಯಿಂದ ಇನ್ನೊಂದಕ್ಕೆ ಒಂಬತ್ತು ಸೆಕೆಂಡು. ಒಂಬತ್ತು ಸೆಕೆಂಡಿನ ತೆರೆ ಆಳ ನೀರಿನಲ್ಲಿ 126 ಮೀಟರ್ ಉದ್ದವಿರುತ್ತದೆ, ಗಂಟೆಗೆ 50 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಅದು ಬೋಟನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ನೋಯಿಸುವುದಿಲ್ಲ. ನೋಯಿಸುವುದು ಅದರ ಮೇಲೆ ವಾಯವ್ಯದ ಗಾಳಿ ಎಬ್ಬಿಸಿದ ನಾಲ್ಕು ಸೆಕೆಂಡಿನ ಗಿಡ್ಡ ತೆರೆ. ಅದು ಬರೀ 25 ಮೀಟರ್ ಉದ್ದ. 20 ನಾಟ್ ವೇಗದಲ್ಲಿ ಎದುರು ಹೋದರೆ ಒಂದೂವರೆ ಸೆಕೆಂಡಿಗೊಂದು ಏಟು. ಒಂದರ ನೋವು ಇಳಿಯುವ ಮೊದಲೇ ಇನ್ನೊಂದು.

ತಂಡೇಲರು ಹೆಬ್ಬೆರಳಿನಿಂದ ಥ್ರಾಟಲ್ ಮೇಲಿನ ಒಂದು ಗುಂಡಿ ಒತ್ತುತ್ತಾರೆ. ಹಿಂದೆ ಎಂಜಿನ್ನುಗಳು ಒಳಕ್ಕೆ ಬಾಗುತ್ತವೆ, ಮೂತಿ ತಗ್ಗುತ್ತದೆ. ಇದು ಟ್ರಿಮ್. ಎದುರು ತೆರೆಗೆ ಮೂತಿ ಕೆಳಗಿರಬೇಕು, ಬೋಟಿನ ಹೊಟ್ಟೆಯ ಚೂಪಾದ ಭಾಗ ಮೊದಲು ನೀರು ಸೀಳಬೇಕು. ಮೂತಿ ಮೇಲಿದ್ದರೆ ಚಪ್ಪಟೆ ಭಾಗ ಬಡಿಯುತ್ತದೆ.

ಆ ಚೂಪು ಹೊಟ್ಟೆಗೊಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ನಂತರವೂ ವೇಗದ ಬೋಟುಗಳ ತಳ ಹಿಂಬದಿಯಲ್ಲಿ ಚಪ್ಪಟೆಯೇ ಇರುತ್ತಿತ್ತು. ಅಮೆರಿಕದ ರೇ ಹಂಟ್ ಎಂಬ ವಿನ್ಯಾಸಕಾರ ಇಂಗ್ಲಿಷಿನ 'ವಿ' ಅಕ್ಷರದ ಆಳವನ್ನು ಮೂತಿಯಿಂದ ಹಿಂಬದಿಯವರೆಗೂ ಉಳಿಸಿದ. 1960ರ ಮಯಾಮಿ-ನಸ್ಸೌ ಪಂದ್ಯದಲ್ಲಿ ಡಿಕ್ ಬರ್ಟ್ರಾಮ್ ಆ ಬಗೆಯ 'ಮಾಪಿ' ಎಂಬ ಬೋಟನ್ನು ಕೆಟ್ಟ ಕಡಲಿನಲ್ಲಿ ಸುಮಾರು ಎಂಟು ಗಂಟೆಯಲ್ಲಿ ಗುರಿ ಮುಟ್ಟಿಸಿದಾಗ ಹಿಂದಿದ್ದ ಬೋಟುಗಳು ಇನ್ನೂ ಕಡಲಿನಲ್ಲೇ ಏಟು ತಿನ್ನುತ್ತಿದ್ದವು. ಇವತ್ತು ಮಂಗಳೂರು, ಮಲ್ಪೆ, ಮುರುಡೇಶ್ವರದಲ್ಲಿ ಕಾಣುವ ಎಷ್ಟೋ ವೇಗದ ಬೋಟುಗಳ ಹೊಟ್ಟೆಯಲ್ಲಿ ಆ ವಿನ್ಯಾಸದ ನೆರಳಿದೆ. ಪಣಂಬೂರಿನ ಕರಾವಳಿ ರಕ್ಷಣಾ ಪಡೆಯ ಇಂಟರ್‌ಸೆಪ್ಟರ್ ಬೋಟುಗಳಂತೂ ಬೇರೆಯೇ ದರ್ಜೆಯವು. ಎಲ್ ಅಂಡ್ ಟಿ ಕಟ್ಟಿಕೊಟ್ಟ ಆ ಸಾಲಿನವು ಸುಮಾರು 28 ಮೀಟರ್ ಉದ್ದ, 45 ನಾಟ್ ವೇಗ.

ಆದರೆ ಎಂಥ ಹೊಟ್ಟೆಯೂ ಬೆನ್ನುಮೂಳೆಯನ್ನು ಕಾಯುವುದಿಲ್ಲ. ನೀವು ಕೂರೋಣ ಅಂತ ಮುಂದಿನ ಸೀಟಿನ ಕಡೆ ಕೈ ಚಾಚುತ್ತೀರಿ.

"ಅಲ್ಲಿ ಬೇಡ! ಇಲ್ಲೇ, ನನ್ನ ಪಕ್ಕ ನಿಲ್ಲಿ."

ಬೋಟು ತೂಗುವುದು ಹಿಂಬದಿಯನ್ನು ಆಧಾರ ಮಾಡಿಕೊಂಡು. ಮೂತಿಯ ಕಡೆ ಕೂತವರು ಅತಿ ಹೆಚ್ಚು ಎತ್ತರಕ್ಕೆ ಹೋಗಿ ಅತಿ ಹೆಚ್ಚು ವೇಗದಲ್ಲಿ ಕೆಳಗೆ ಬರುತ್ತಾರೆ. ಬೋಟು ಇಳಿದ ಮೇಲೂ ಅವರ ಮೈ ಗಾಳಿಯಲ್ಲೇ ಇರುತ್ತದೆ, ಸೀಟು ಮತ್ತೆ ಮೇಲೆ ಬರುವಾಗ ಇವರು ಕೆಳಗೆ ಬರುತ್ತಾರೆ. ಬ್ರಿಟನ್ನಿನಲ್ಲಿ ಮೋಜಿನ ಸವಾರಿಗೆ ಹೋದ ಪ್ರವಾಸಿಗರ ಸೊಂಟದ ಮೇಲಿನ ಕಶೇರುಕ ಹೀಗೇ ಒಡೆದ ಪ್ರಕರಣಗಳನ್ನು ಅಲ್ಲಿನ ಸಾಗರ ಅಪಘಾತ ತನಿಖಾ ಸಂಸ್ಥೆ ದಾಖಲಿಸಿದೆ. ನಿಂತು, ಮೊಣಕಾಲು ಸಡಿಲ ಬಿಟ್ಟು, ಮುಂಗಾಲಿನ ಮೇಲೆ ಭಾರ ಹಾಕಿದರೆ ಏಟನ್ನು ತೊಡೆ ನುಂಗುತ್ತದೆ.

ತಂಡೇಲರು ವೇಗ ಹದಿನೈದಕ್ಕೆ ಇಳಿಸಿ, ತೆರೆಗೆ ನೇರ ಎದುರು ಹೋಗುವುದನ್ನು ಬಿಟ್ಟು ಓರೆಯಾಗಿ ಹೋಗತೊಡಗುತ್ತಾರೆ, ಸ್ವಲ್ಪ ಹೊತ್ತು ಬಡಗಿನ ಕಡೆ, ಸ್ವಲ್ಪ ಹೊತ್ತು ತೆಂಕಿನ ಕಡೆ. ದಾರಿ ಉದ್ದವಾಯಿತು, ಏಟು ಅರ್ಧವಾಯಿತು. ಆದರೂ ಒಂದು ತೆರೆ ಕಣ್ಣು ತಪ್ಪಿಸುತ್ತದೆ. ಅದರ ಹಿಂದೆ ಬರೀ ಹೊಂಡ. ಬೋಟು ಗಾಳಿಗೆ ಏರಿತು. ಎಂಜಿನ್ನಿನ ಫ್ಯಾನು (ಪ್ರೊಪೆಲ್ಲರ್) ನೀರು ಬಿಟ್ಟೊಡನೆ ಕಿರುಚುವ ದನಿ ಇನ್ನೇನು ಏಳಬೇಕು, ಅಷ್ಟರಲ್ಲಿ ಕೈ ಹಿಂದೆ ಬಂದಿದೆ. ಬಿದ್ದಾಗ ಧಡ್! ಹಲ್ಲು ಹಲ್ಲಿಗೆ ತಾಗುತ್ತದೆ. ಗಾಳಿಯಲ್ಲಿ ಪೂರ್ತಿ ತಿರುಗುತ್ತಿರುವ ಫ್ಯಾನು ನೀರಿಗೆ ಬಡಿದರೆ ಆ ಏಟು ಗೇರಿಗೆ, ಶಾಫ್ಟಿಗೆ ಹೋಗುತ್ತದೆ. ಗೇರು ಮುರಿದು ದಡದಿಂದ ಹತ್ತು ಕಿಲೋಮೀಟರ್ ದೂರದಲ್ಲಿ ತೇಲುವುದು ಯಾರಿಗೂ ಬೇಡ. ಕಡಲಿನ ದೊಡ್ಡ ಪಂದ್ಯಗಳಲ್ಲಿ ಎಷ್ಟೋ ಬೋಟುಗಳಲ್ಲಿ ಸ್ಟಿಯರಿಂಗಿಗೆ ಒಬ್ಬ, ಥ್ರಾಟಲ್ಲಿಗೇ ಒಬ್ಬ ಇರುತ್ತಾರೆ. ಥ್ರಾಟಲ್ ಹಿಡಿದವನಿಗೆ ಇಡೀ ಪಂದ್ಯ ಇದೊಂದೇ ಕೆಲಸ.

ಎಂಜಿನ್ ಪರೀಕ್ಷೆ ನಡೆಯುತ್ತಿದೆ. ಎಡ ಎಂಜಿನ್ ಒಂದರಲ್ಲೇ, ಬಲ ಎಂಜಿನ್ ಒಂದರಲ್ಲೇ, ಬಿಸಿ ಎಷ್ಟು, ಎಂಜಿನ್ ತಂಪುಮಾಡಿದ ನೀರು ಹೊರಬರುವ ಧಾರೆ ಸರಿಯಿದೆಯೇ. ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್ಲಿನಲ್ಲಿ ಗೊರಗೊರ ಅನ್ನುತ್ತಿದೆ. ಬೆಳಿಗ್ಗೆಯೇ ತಂಡೇಲರು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲಿನ ಮುನ್ಸೂಚನೆ ನೋಡಿಯಾಗಿದೆ, ತೆರೆಯ ಎತ್ತರ, ಸೆಕೆಂಡು, ದಿಕ್ಕು. ಫೋನಿನಲ್ಲಿ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093. ಧಕ್ಕೆಯಲ್ಲಿ ಒಬ್ಬರಿಗೆ ಎಷ್ಟು ಹೊತ್ತಿಗೆ ಬರುತ್ತೇವೆ, ಬರದಿದ್ದರೆ ಎಷ್ಟು ಹೊತ್ತಿಗೆ ಹುಡುಕಬೇಕು ಎಂದು ಹೇಳಿ ಬಂದಿದ್ದಾರೆ.

ಬಡಗಿನ ಕಡೆ ಕೈ ತೋರಿಸಿ, "ಅಲ್ಲಿ ಕಾಪು," ಎನ್ನುತ್ತಾರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ 'ಕೋರಮಂಡಲ್ ಸಪೋರ್ಟರ್ 9' ಎಂಬ ಟಗ್ಗು ಆ ಕಡೆ ಬಂಡೆಗೆ ಸಿಕ್ಕಿಕೊಂಡಿತ್ತು. ಅದರಲ್ಲಿದ್ದ ಒಂಬತ್ತು ಜನರಲ್ಲಿ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್, ಐವರನ್ನು ಕರಾವಳಿ ರಕ್ಷಣಾ ಪಡೆಯ 'ವರಾಹ' ಹಡಗಿನವರು ಉಳಿಸಿದರು. ದಡದಲ್ಲಿ ನಿಂತವರಿಗೆ ಟಗ್ಗು ಕಣ್ಣಿಗೆ ಕಾಣುತ್ತಿತ್ತು, ಆ ತೆರೆಯಲ್ಲಿ ಹತ್ತಿರ ಹೋಗುವ ದೋಣಿ ಮಾತ್ರ ಯಾರಲ್ಲೂ ಇರಲಿಲ್ಲ.

ಮಾತಾಡುತ್ತಿದ್ದಂತೆಯೇ ತಂಡೇಲರ ಕೈ ಹಿಂದಕ್ಕೆ ಬರುತ್ತದೆ. ಬೋಟು ನೀರಿನಲ್ಲಿ ಕುಸಿದು ಕೂರುತ್ತದೆ. ಮುಂದೆ, ನೂರು ಅಡಿ ದೂರದಲ್ಲಿ, ಒಂದು ಕಡಲಹಕ್ಕಿ ನೀರಿನ ಮೇಲೆ ನಿಂತಿದೆ. ತೇಲುತ್ತಿಲ್ಲ, ನಿಂತಿದೆ. ಅದರ ಕಾಲು ಕಾಣುತ್ತಿದೆ.

ಹತ್ತಿರ ಹೋಗಿ ನೋಡಿದರೆ ಮರ. ಬೇರುಸಹಿತ ಕಿತ್ತು ಬಂದ ದೊಡ್ಡ ಮರ, ಮುಕ್ಕಾಲು ನೀರಿನೊಳಗೆ. ತೆರೆ ಇಳಿದಾಗ ಮಾತ್ರ ಕರಿಯ ಬೆನ್ನು ಹೊರಗೆ ಬರುತ್ತದೆ. ತೊಗಟೆ ಸುಲಿದಿದೆ, ಬೇರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಹಿಡಿದುಕೊಂಡಿದೆ. ಎಲ್ಲಿಯ ಮಣ್ಣು ಅಂತ ನಿಮಗೆ ಯಾರೂ ಹೇಳಬೇಕಿಲ್ಲ. ಘಟ್ಟದಲ್ಲಿ ಧರೆ ಕುಸಿದು ಹೊಳೆಗೆ ಬಿದ್ದ ಮರಗಳು ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಡಲಿನಲ್ಲಿ ಹೀಗೆ ಅಲೆಯುತ್ತಿರುತ್ತವೆ. 35 ನಾಟ್‌ನಲ್ಲಿ ಬಂದಿದ್ದರೆ ಆ ನೂರು ಅಡಿ ದಾಟಲು ಎರಡು ಸೆಕೆಂಡೂ ಬೇಕಿರಲಿಲ್ಲ.

ತಂಡೇಲರು ಜಿಪಿಎಸ್‌ನಲ್ಲಿ ಗುರುತು ಹಾಕಿ, ರೇಡಿಯೋದಲ್ಲಿ ಜಾಗ ಹೇಳುತ್ತಾರೆ. ಒಂದು ಟ್ರಾಲ್ ಬೋಟು ಮರುತ್ತರ ಕೊಡುತ್ತದೆ, ಇನ್ನೊಂದು ಮತ್ತೊಮ್ಮೆ ಕೇಳುತ್ತದೆ. ಮರದ ಕೊಂಬೆಗೆ ಒಂದು ಕಿತ್ತಳೆ ಬಣ್ಣದ ತೇಲುಬುರುಡೆ ಕಟ್ಟಿಬಿಡೋಣ, ರಾತ್ರಿ ಬರುವವರಿಗಲ್ಲದಿದ್ದರೂ ಹಗಲಿನವರಿಗಾದರೂ ಕಾಣಲಿ, ಎಂದು ಶುರುಮಾಡಿದ ಕೆಲಸ ಕುಲುಕಾಟದಲ್ಲಿ ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ. ಗಡಿಯಾರ ಹತ್ತೂಕಾಲು. ಇಳಿತ ಶುರುವಾಗಿ ಒಂದು ಗಂಟೆ.

ತಿರುಗಬೇಕು. ಕಡಲಿನಲ್ಲಿ ಬೋಟು ತಿರುಗಿಸುವುದೂ ಕಾಯುವ ಕೆಲಸವೇ. ದೊಡ್ಡದೊಂದು ಕಳೆದು ಹಿಂದೆ ಚಪ್ಪಟೆ ನೀರು ಸಿಕ್ಕಾಗ, ಮುಂದಿನದು ಬರುವುದರೊಳಗೆ ಮುಗಿಸಬೇಕು. ತಿರುಗಿದ ಮೇಲೆ ಏಟೆಲ್ಲ ನಿಂತುಹೋಗುತ್ತದೆ. ಗಾಳಿ ಬೆನ್ನಿಗೆ ಬಂತು, ಸದ್ದು ಇಳಿಯಿತು, ಬೋಟು ಸಲೀಸಾಗಿ ಓಡುತ್ತಿದೆ. ನಿಮಗೆ ಹಾಯೆನಿಸುತ್ತದೆ. ತಂಡೇಲರ ಮುಖ ಮಾತ್ರ ಈಗ ಬಿಗಿಯಾಗಿದೆ.

ಬೆನ್ನ ಹಿಂದಿನ ತೆರೆ ಮೋಸದ್ದು. ವೇಗದ ಬೋಟು ಗಾಳಿತೆರೆಗಿಂತ ಜೋರಾಗಿ ಓಡುತ್ತದೆ. ಹಿಂದಿನಿಂದ ತೆರೆಯನ್ನು ಹತ್ತಿ, ನೆತ್ತಿ ದಾಟಿ, ಅದರ ಮುಖದ ಇಳಿಜಾರಿನಲ್ಲಿ ಜಾರಿ, ಮೂತಿಯನ್ನು ಮುಂದಿನ ತೆರೆಯ ಬೆನ್ನಿಗೆ ಚುಚ್ಚಿಬಿಡಬಹುದು. ಮೂತಿ ಹೂತಿತೆಂದರೆ ಅದು ಅಲ್ಲೇ ನಿಲ್ಲುತ್ತದೆ, ಹಿಂಬದಿಯನ್ನು ತೆರೆ ಎತ್ತಿ ಪಕ್ಕಕ್ಕೆ ತಳ್ಳುತ್ತದೆ, ಕ್ಷಣಮಾತ್ರದಲ್ಲಿ ಬೋಟು ಅಡ್ಡ. ಆಮೇಲೆ ಸ್ಟಿಯರಿಂಗಿನಿಂದ ಆಗುವುದು ಏನೂ ಇಲ್ಲ. ತಂಡೇಲರು ಟ್ರಿಮ್ ಗುಂಡಿಯನ್ನು ಈ ಸಲ ವಿರುದ್ಧ ಕಡೆ ಒತ್ತಿ ಮೂತಿ ಎತ್ತಿಸುತ್ತಾರೆ. ನಿಮ್ಮನ್ನು ಇನ್ನೂ ಹಿಂದಕ್ಕೆ ಸರಿಸುತ್ತಾರೆ.

ಅಳಿವೆ ಬಾಗಿಲು ಕಾಣಿಸಿತು. ಅದು ಬೆಳಿಗ್ಗೆ ನೋಡಿದ ಬಾಗಿಲಲ್ಲ. ಕಂದು ನೀರು ಕಡಲೊಳಕ್ಕೆ ಬೀಸಣಿಗೆಯಾಗಿ ಚಾಚಿದೆ, ಅದರ ಅಂಚಿನಲ್ಲಿ ತೆರೆಗಳು ಎದ್ದು ನಿಂತು ಒಡೆಯುತ್ತಿವೆ. ಹೊರಗಿನಿಂದ ನೋಡುವಾಗ ತೆರೆಯ ಬೆನ್ನು ಮಾತ್ರ ಕಾಣುವುದರಿಂದ ಎಲ್ಲವೂ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಒಳಗೆ ಬರುವವರು ಮೋಸ ಹೋಗುವುದು ಇಲ್ಲಿ.

ತಂಡೇಲರು ಬಿಳಿ ನೀರಿನಿಂದ ದೂರದಲ್ಲಿ ನಿಲ್ಲುತ್ತಾರೆ. ಬೇಡವೆಂದರೆ ಪಣಂಬೂರಿನ ಹೊಸ ಬಂದರಿದೆ, ರೇಡಿಯೋದಲ್ಲಿ ಅನುಮತಿ ಕೇಳಿ ಅಲ್ಲಿನ ತಡೆಗೋಡೆಯ ಒಳಗೆ ನುಗ್ಗಬಹುದು. ಪೆಟ್ರೋಲು ಅದಕ್ಕೂ ಸಾಲುವಷ್ಟಿದೆ. ಇಲ್ಲಿ ಕಾಯುವುದಕ್ಕೂ ಸಾಲುವಷ್ಟಿದೆ. ಇನ್ನೊಂದು ದಾರಿ ಕೈಯಲ್ಲಿದ್ದುದರಿಂದಲೇ ಅವರು ಅವಸರಪಡುತ್ತಿಲ್ಲ ಎಂದು ನನಗನಿಸುತ್ತದೆ.

ಒಂದು ನಾಡದೋಣಿ ಬರುತ್ತದೆ, ಸಣ್ಣ ಔಟ್‌ಬೋರ್ಡ್ ಎಂಜಿನ್ನಿನದು. ಮಳೆಗಾಲದ ನಿಷೇಧದಲ್ಲೂ 10 ಅಶ್ವಶಕ್ತಿಯೊಳಗಿನ ಇಂಥ ದೋಣಿಗಳಿಗೆ ಕಡಲು ತೆರೆದೇ ಇರುತ್ತದೆ. ಕೆಟ್ಟ ಕಡಲಿನ ಈ ಬಾಗಿಲನ್ನು ಇವರಷ್ಟು ಬಲ್ಲವರು ಬೇರೆ ಇಲ್ಲ. ಅವರೂ ನಿಲ್ಲುತ್ತಾರೆ. ಹಿಂಬದಿಯಲ್ಲಿ ಕೂತವನು ತಿರುಗಿ ಕಡಲನ್ನೇ ನೋಡುತ್ತಾನೆ. ಸಾಲು ಕಳೆಯುತ್ತದೆ. ದೋಣಿ ಒಂದು ತೆರೆಯ ಬೆನ್ನು ಹತ್ತಿ, ಅದನ್ನು ದಾಟದೆ, ಅದರ ಜೊತೆಯೇ ಒಳಗೆ ಹೋಗುತ್ತದೆ.

"ಕಂಡಿತಾ? ಅದೇ ದಾರಿ," ಎನ್ನುತ್ತಾರೆ ತಂಡೇಲರು.

ಅವರು ಮತ್ತೊಮ್ಮೆ ನಿಮ್ಮ ಜಾಕೆಟ್ಟಿನ ಪಟ್ಟಿ ಎಳೆದು ನೋಡುತ್ತಾರೆ. 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದವರೂ ಇದ್ದರು, ನಿಮ್ಮಂತೆಯೇ ಕಡಲು ಬಿಟ್ಟು ದೂರದಲ್ಲಿ ಬೆಳೆದವರು. ಒಳನಾಡಿನಿಂದ ಬಂದವರಿಗೆ ದಡ ಹತ್ತಿರ ಕಂಡೊಡನೆ ಭಯ ಹೋಗಿಬಿಡುತ್ತದೆ. ಜಾಕೆಟ್ಟು ಬೇಕಾಗುವುದು ಆ ಕೊನೆಯ ಕಿಲೋಮೀಟರಿನಲ್ಲಿ.

ಹೊರಟಿತು. ಮುಂದಿನ ತೆರೆಯ ಬೆನ್ನು ಮೂತಿಯ ಮುಂದೆ ಗುಡ್ಡವಾಗಿದೆ. ಆಳ ಕಡಿಮೆಯಾದಂತೆ ತೆರೆಯ ವೇಗವೂ ಇಳಿಯುತ್ತದೆ. ಮೂರು ಮೀಟರ್ ನೀರಿನಲ್ಲಿ ಅದು ಗಂಟೆಗೆ 20 ಕಿಲೋಮೀಟರಿನಷ್ಟೂ ಓಡಲಾರದು. ಎದುರಿನ ಪ್ರವಾಹ ಅದನ್ನೂ ತಗ್ಗಿಸುತ್ತದೆ. 74 ಓಡಬಲ್ಲ ಬೋಟನ್ನು ತಂಡೇಲರು ಆ ವೇಗಕ್ಕೆ ಕಟ್ಟಿಹಾಕಿದ್ದಾರೆ, ನೆತ್ತಿಗಿಂತ ಒಂದು ಬೋಟಿನ ಉದ್ದ ಹಿಂದೆ. ಕೈ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಅಷ್ಟು ಶಕ್ತಿ ಬೇಕಾದದ್ದು ಯಾಕೆಂದು ಈಗ ಕಾಣುತ್ತದೆ. ಹಿಂದಿನ ತೆರೆ ಹತ್ತಿರ ಬಂದರೆ ಒಂದೇ ಒತ್ತಿಗೆ ತಪ್ಪಿಸಿಕೊಳ್ಳಬೇಕು, ಅಷ್ಟೇ ಬೇಗ ಬಿಡಲೂ ಬೇಕು.

ಅವರು ಎರಡು ಸೆಕೆಂಡು ಮುಂದೆ ನೋಡಿದರೆ ಒಂದು ಸೆಕೆಂಡು ಹಿಂದೆ ನೋಡುತ್ತಾರೆ. ನೀವೂ ತಿರುಗಿ ನೋಡುತ್ತೀರಿ. ಹಿಂದೆ ಒಂದು ತೆರೆ ಎದ್ದಿದೆ, ಅದರ ನೆತ್ತಿ ತೆಳ್ಳಗಾಗಿ, ಬೆಳಕು ಅದರೊಳಗಿಂದ ಹಳದಿಯಾಗಿ ಕಾಣುತ್ತಿದೆ. ಮುಂದಿನದು ಒಡೆಯಿತು. ನಿಮ್ಮ ಬೋಟು ಈಗ ನೊರೆಯ ಮೇಲಿದೆ. ನೊರೆಯೆಂದರೆ ಅರ್ಧ ಗಾಳಿ, ಫ್ಯಾನಿಗೆ ಹಿಡಿತ ಸಿಗದೆ ಎಂಜಿನ್ ಒಮ್ಮೆ ಬರಿದೇ ಏರುತ್ತದೆ. ತಂಡೇಲರು ಗಾಬರಿಯಿಂದ ಇನ್ನಷ್ಟು ಒತ್ತುವುದಿಲ್ಲ, ಒಂದಿಷ್ಟು ಬಿಡುತ್ತಾರೆ. ಫ್ಯಾನು ಮತ್ತೆ ನೀರು ಕಚ್ಚಿತು. ಬೋಟು ಮುಂದಕ್ಕೆ ನೂಕಿಕೊಂಡಿತು. ಹಿಂದಿನ ತೆರೆ ಬೋಟಿನಿಂದ ಹತ್ತು ಅಡಿ ಆಚೆ ಒಡೆದು, ಸದ್ದೊಂದೇ ನಿಮ್ಮನ್ನು ಮುಟ್ಟಿತು.

ಕಲ್ಲಿನ ಗೋಡೆ ಎರಡೂ ಬದಿಗೆ ಬಂತು. ನೀರು ಸಪಾಟಾಯಿತು.

ಧಕ್ಕೆಯಲ್ಲಿ ತಂಡೇಲರು ಮೊದಲು ಮಾಡುವ ಕೆಲಸ ಎಂಜಿನ್ನುಗಳಿಗೆ ಸಿಹಿನೀರಿನ ಪೈಪು ಸಿಕ್ಕಿಸುವುದು. ಒಳಗಿನ ಉಪ್ಪು, ಹೊಳೆಯ ಕೆಸರು ತೊಳೆದುಹೋಗಬೇಕು. ಮೂತಿಯ ಕೆಳಗೆ ಕೈ ಹಾಕಿ ಫೈಬರ್ ಬಿರುಕು ಬಿಟ್ಟಿದೆಯೇ ಎಂದು ತಡವುತ್ತಾರೆ. ತಳದಲ್ಲಿ ಸೇರಿದ ನೀರನ್ನು ಪಂಪು ಎಷ್ಟು ಹೊತ್ತಿನಲ್ಲಿ ಖಾಲಿ ಮಾಡಿತೆಂದು ನೋಡುತ್ತಾರೆ. ಬಲ ಎಂಜಿನ್ನಿನ ಸ್ಟಿಯರಿಂಗ್ ಬೋಲ್ಟು ಕಾಲು ಸುತ್ತು ಸಡಿಲವಾಗಿದೆ. ಸರ್ವೀಸಿನಲ್ಲಿ ಬಿಗಿದದ್ದೇ. ಅದನ್ನು ಬಿಗಿದು, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಅಷ್ಟರಲ್ಲಿ ಪಕ್ಕದ ಬೋಟಿನ ಹುಡುಗ ಬರುತ್ತಾನೆ. ಬೆಂಗಳೂರಿನಿಂದ ಬಂದ ನಾಲ್ವರು ಅವನ ಹಿಂದೆ ನಿಂತಿದ್ದಾರೆ, ಒಬ್ಬಳ ಕೈಯಲ್ಲಿ ಮಗು.

"ಅಣ್ಣ, ಹೊರಗೆ ಹೇಗುಂಟು? ಗಾಳಿ ಎಂತ ಇಲ್ಲ ಅಲ್ವಾ, ಒಂದು ರೌಂಡ್ ಹೋಗಿ ಬರ್ಲಾ?"

"ಗಾಳಿ ಬಿಡು. ಬಾಗಿಲಲ್ಲಿ ಇಳಿತ ಓಡ್ತಾ ಉಂಟು, ತೆರೆ ನಿಂತಿದೆ. ಮೂರೂಕಾಲರವರೆಗೆ ಯಾರೂ ಬೇಡ. ಆಮೇಲೆ ಹೋಗಿ ನೋಡುವ, ನಾನೂ ಬರ್ತೇನೆ."

"ಅವರಿಗೆ ಸಂಜೆ ಬಸ್ಸು ಉಂಟಂತೆ ಅಣ್ಣ."

"ಹಾಗಾದ್ರೆ ಹೊಳೆಯಲ್ಲೇ ಸುಲ್ತಾನ್ ಬತ್ತೇರಿವರೆಗೆ ತಿರುಗಿಸಿ ತಾ. ಮಗುವಿಗೆ ಸಣ್ಣ ಸೈಜಿನ ಜಾಕೆಟ್ ನನ್ನ ಶೆಡ್ಡಲ್ಲಿ ಉಂಟು, ತಕೊಂಡು ಹೋಗು."

ಹುಡುಗ ಒಂದು ಗಳಿಗೆ ಅಳಿವೆಯ ಕಡೆ ನೋಡಿ, ಶೆಡ್ಡಿನ ಕಡೆ ನಡೆಯುತ್ತಾನೆ.